ಈಜು ಮೇಡಂ ದನಿ ಯಾವ ಫೋಲ್ಡರಿನಲ್ಲಿದೆ?

ಮಾನ್ಯ ದತ್ತಾಂಶ ರಕ್ಷಣಾ ಅಧಿಕಾರಿಗಳೇ,

ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ಕಳೆದುಕೊಂಡ ಒಬ್ಬ ಹೆಂಗಸು, ತನ್ನ ಹಳೆಯ ದನಿಯನ್ನು ಕೊಡಿ ಎಂದು ಕೇಳಿಕೊಂಡು ನಮ್ಮ ಸಂಶೋಧನಾ ಕೊಠಡಿಗೆ ಬಂದಿದ್ದರು. ಆ ದನಿ ನಮ್ಮ ಕಂಪ್ಯೂಟರಿನಲ್ಲಿದೆ, ಭದ್ರವಾಗಿದೆ, ಅದಕ್ಕೊಂದು ಬ್ಯಾಕಪ್ ಕೂಡ ಇದೆ. ಯಾವ ಫೋಲ್ಡರಿನಲ್ಲಿದೆ ಎಂಬುದು ಮಾತ್ರ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗಬಾರದು ಎಂದು ಅಪ್ಪಣೆ ಕೊಟ್ಟವರು ನೀವು, ಅದನ್ನು ಶಿರಸಾವಹಿಸಿ ಪಾಲಿಸಿದವಳು ನಾನು. ಈಗ ಗುರುತು ಸಿಗದ ಧ್ವನಿಮುದ್ರಣಗಳನ್ನೆಲ್ಲ ಈ ತಿಂಗಳ ಕೊನೆಗೆ ಅಳಿಸಿಹಾಕಬೇಕೆಂದು ನಿಮ್ಮ ಹೊಸ ಸುತ್ತೋಲೆ ಬಂದಿದೆ. ನಿಮ್ಮ ಕಚೇರಿಗೆ ನಾನು ಬರೆದ ಪತ್ರಗಳಿಗೆಲ್ಲ ಸ್ವೀಕೃತಿ ಬಂತು, ಉತ್ತರ ಬರಲಿಲ್ಲ. ಅದಕ್ಕೇ ಪತ್ರಿಕೆಯಲ್ಲಿ, ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ನಿಮ್ಮ ಮಾನ ಕಳೆಯಲು ಅಲ್ಲ, ನನ್ನದು ಆಗಲೇ ಹೋಗಿದೆ.

ನಮ್ಮ ಕೆಲಸವನ್ನು ಓದುಗರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ಧ್ವನಿಪೆಟ್ಟಿಗೆ ತೆಗೆಸಿಕೊಳ್ಳಲಿರುವ ರೋಗಿಗಳು ಶಸ್ತ್ರಚಿಕಿತ್ಸೆಗೆ ಮುಂಚೆ ನಮ್ಮಲ್ಲಿಗೆ ಬರುತ್ತಿದ್ದರು. ಗೋಡೆಗೆಲ್ಲ ಸ್ಪಂಜು ಹೊಡೆದ ಒಂದು ಸಣ್ಣ ಕೋಣೆಯಲ್ಲಿ ಕೂತು, ತಡವಾಗಿ ಬಂದ ಬಸ್ಸಿನ ಬಗ್ಗೆ ನಾವೇ ಬರೆದ ಒಂದು ಪ್ಯಾರಾ ಓದುತ್ತಿದ್ದರು. ಎಲ್ಲರೂ ಓದುವುದು ಅದೇ ಪ್ಯಾರಾ. ನಾವು ಆ ದನಿಯ ನಡುಕ, ಒಡಕು, ಉಸಿರು ಎಲ್ಲವನ್ನೂ ಅಳೆದು ಪ್ರಬಂಧ ಬರೆಯುತ್ತಿದ್ದೆವು. ಫೋಲ್ಡರುಗಳಿಗೆ ಹೆಸರಿಡುವುದರಲ್ಲಿ ನಮಗೆ ನಮ್ಮದೇ ಒಂದು ಚಾಳಿ ಇತ್ತು. ರೋಗಿಯ ಹೆಸರು ಬರೆಯಬಾರದಲ್ಲ, ಅದಕ್ಕೆ ಅಡ್ಡಹೆಸರು. 'ಗದರೋ ತಾತ', 'ಎರಡು ಸಲ ಅತ್ತವರು', 'ಬಸ್ಸಿಗೆ ಬೈದವರು', 'ಈಜು ಮೇಡಂ'. ಇವುಗಳ ಮಧ್ಯೆ 'ಹೊಸ ಫೋಲ್ಡರ್', 'ಹೊಸ ಫೋಲ್ಡರ್ 2', 'ಕೊನೆಯದು', 'ನಿಜವಾಗಲೂ ಕೊನೆಯದು', 'ದಯವಿಟ್ಟು ಇದನ್ನು ಮುಟ್ಟಬೇಡಿ'. ಸಂತೆ ಅಂದರೆ ಸಂತೆ. ಆದರೂ ಯಾರ ದನಿ ಎಲ್ಲಿದೆ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ತೆಗೆದುಕೊಡುತ್ತಿದ್ದೆವು.

ನಿಮ್ಮ ತಪಾಸಣಾ ತಂಡ ಬಂದ ದಿನ ಪರದೆಯ ಮೇಲೆ ಈ ಹೆಸರುಗಳನ್ನು ನೋಡಿ ಒಬ್ಬರು ನಕ್ಕರು. "ಇದೇನು ಮೇಡಂ, ಮಕ್ಕಳ ಆಟದ ಸಾಮಾನಾ?" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ಓದಿಕೊಂಡು, ಇಷ್ಟು ಜನರಿಗೆ ಪಾಠ ಹೇಳಿ, ಫೈಲುಗಳನ್ನು ನೆಟ್ಟಗೆ ಇಟ್ಟುಕೊಳ್ಳಲು ಬಾರದವಳು ಅನ್ನಿಸಿಕೊಂಡೆನಲ್ಲ. ಆ ನಾಚಿಕೆಯಲ್ಲೇ ಕೆಲಸಕ್ಕಿಳಿದೆ. ನೀವು ಹೇಳಿದ್ದು ಅಡ್ಡಹೆಸರು ತೆಗೆದು ಸಂಖ್ಯೆ ಹಾಕಿ, ಯಾವ ಸಂಖ್ಯೆ ಯಾರದು ಎಂಬ ಪಟ್ಟಿಯನ್ನು ನಾಶಮಾಡಿ, ಹಳೆಯ ಡಿಸ್ಕುಗಳನ್ನು ಒಪ್ಪಿಸಿ ಎಂದು. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಕ್ರಮ ನೋಡಿ ಯಾರಾದರೂ ಊಹಿಸಿಬಿಟ್ಟಾರು ಎಂದು ಸಂಖ್ಯೆಗಳನ್ನು ಕಲಸಿದೆ. ಫೈಲುಗಳ ಮೇಲಿದ್ದ ತಾರೀಖನ್ನೂ ಅಳಿಸಿದೆ. ಅದನ್ನು ನೀವು ಕೇಳಿಯೇ ಇರಲಿಲ್ಲ. ನಿಮ್ಮ ಕಚೇರಿ ನಮ್ಮದನ್ನು 'ಮಾದರಿ ವ್ಯವಸ್ಥೆ' ಎಂದು ಕೊಂಡಾಡಿತು. ಬೇರೆ ವಿಭಾಗದವರಿಗೆ ನಾನು ಅದರ ಬಗ್ಗೆ ಭಾಷಣವನ್ನೂ ಮಾಡಿ, ಚಪ್ಪಾಳೆ ಗಿಟ್ಟಿಸಿ, ಮೂರು ದಿನ ನೆಲದ ಮೇಲೆ ಕಾಲಿಟ್ಟು ನಡೆದಿರಲಿಲ್ಲ.

ಕಳೆದ ತಿಂಗಳು ಬಾಗಿಲು ತಟ್ಟಿ ಒಳಗೆ ಬಂದವರು ಆ ಈಜು ಮೇಡಂ ಮತ್ತು ಅವರ ಗಂಡ. ಈಜುಕೊಳದ ದಂಡೆಯ ಮೇಲೆ ನಿಂತು ಮಕ್ಕಳಿಗೆ ಕೂಗಿ ಕೂಗಿ ಈಜು ಕಲಿಸಿದವರು. ಈಗ ಕೊರಳಿಗೊಂದು ಹತ್ತಿಯ ಕರವಸ್ತ್ರ ಸುತ್ತಿಕೊಳ್ಳುತ್ತಾರೆ. ಫೋನಿನಲ್ಲಿ ಟೈಪ್ ಮಾಡಿದರೆ ಫೋನು ಅದನ್ನು ಓದಿ ಹೇಳುತ್ತದೆ.

"ಫೋನಲ್ಲಿ ಇರೋದು ಯಾವುದೋ ಹುಡುಗಿ ದನಿ ಮೇಡಂ," ಎಂದರು ಗಂಡ. "ಟೋಕನ್ ಕರೆಯೋ ಹಾಗೆ ಕರೀತಾಳೆ. ಅನ್ನಕ್ಕೆ ಬನ್ನಿ ಅಂದ್ರೆ ನನಗೆ ಕೌಂಟರಿಗೆ ಹೋಗಿ ನಿಲ್ಲಬೇಕು ಅನ್ಸುತ್ತೆ."

ಈಕೆ ಅವರ ಮೊಣಕೈಗೆ ಒಂದು ಕೊಟ್ಟು, ಟೈಪ್ ಮಾಡಿ ಫೋನು ಅವರ ಕೈಗಿತ್ತರು. ಫೋನಿಗೆ ಓದಲು ಬಿಡಲಿಲ್ಲ. ಗಂಡ ಓದಿದರು: "ಮಾತಾಡೋದು ಕಲಿಸೋ ಡಾಕ್ಟರು ಹೇಳಿದ್ರು, ಹಳೇ ರೆಕಾರ್ಡಿಂಗ್ ಇದ್ರೆ ಫೋನು ನನ್ನ ದನೀಲೇ ಮಾತಾಡೋ ಹಾಗೆ ಮಾಡಬಹುದಂತೆ. ನನ್ನ ಹಳೇ ಫೋನು ಕೊಳಕ್ಕೆ ಬಿದ್ದು ಎಲ್ಲಾ ಹೋಯ್ತು. ನಿಮ್ಮ ಹತ್ರ ಮಾತ್ರ ಇರೋದು."

ಆಮೇಲೆ ಇನ್ನೊಂದು ಸಾಲು ಟೈಪ್ ಮಾಡಿದರು. ಗಂಡ ಅದನ್ನೂ ಓದಿದರು. "ಕನಸಲ್ಲಿ ನಾನು ಮಾತಾಡ್ತೀನಿ ಮೇಡಂ. ಆದ್ರೆ ಇವರ ದನೀಲಿ ಮಾತಾಡ್ತೀನಿ. ನನ್ನದು ಹೇಗಿತ್ತು ಅಂತ ಮರೀತಾ ಇದೆ."

ಗುರುತು ಹಿಡಿಯಲು ಯಾವ ದನಿಯನ್ನೂ ತೆರೆದು ಕೇಳಬಾರದೆಂಬ ನಿಯಮ ಗೊತ್ತಿದ್ದೂ ನಾನು ಕಂಪ್ಯೂಟರಿನ ಮುಂದೆ ಕೂತೆ. ಅವರಿಗೆ ನೀರು ಕೊಟ್ಟು ಆ ಪ್ಯಾರಾ ಓದಿಸಿದವಳು ನಾನೇ ಅಲ್ಲವೇ, ಅವರ ದನಿಯ ಅಲೆಗಳನ್ನು ತಿಂಗಳುಗಟ್ಟಲೆ ಅಳೆದವಳೂ ನಾನೇ. ಗುರುತು ಸಿಗದೆ ಏನು ಎಂಬ ಧೈರ್ಯ. ಒಂದಿಷ್ಟು ಫೋಲ್ಡರು ತೆರೆದು, ಹೆಡ್‌ಫೋನಿನಲ್ಲಿ ಕೇಳಿ, ಒಂದನ್ನು ಆರಿಸಿ, "ಇದೇ" ಎಂದು ಅವರ ಕಿವಿಗೆ ಕೊಟ್ಟೆ. ಆಕೆ ಕಣ್ಣು ಮುಚ್ಚಿ ಕೊನೆಯ ಪದದವರೆಗೂ ಕೇಳಿದರು. ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು ನನ್ನನ್ನು ನೋಡಿ ನಕ್ಕರು. ನನಗೆ ಬೇಜಾರಾಗದಿರಲಿ ಎಂದು ನಕ್ಕ ನಗು ಅದು. ಗಂಡ ಅದನ್ನು ತಾವೂ ಕಿವಿಗಿಟ್ಟುಕೊಂಡು, ಎರಡು ಕ್ಷಣಕ್ಕೆ ತೆಗೆದು, "ಇವರು ಯಾರೋ ಬೇರೆಯವರು ಮೇಡಂ, ಪಾಪ," ಎಂದರು.

ಸ್ವಾಮಿ, ಈ ವೃತ್ತಿಯಲ್ಲಿ ನಾನು ಅಷ್ಟು ಸಣ್ಣವಳಾದ ದಿನ ಇನ್ನೊಂದಿಲ್ಲ. ಆಕೆಯ ದನಿಯ ಪ್ರತಿ ಒಡಕಿನ ಅಳತೆಯೂ ಎಲ್ಲರ ಸರಾಸರಿಯಲ್ಲಿ ಸೇರಿ ನನ್ನ ಪ್ರಬಂಧದಲ್ಲಿದೆ, ಆಕೆಯ ದನಿ ಮಾತ್ರ ನನಗೆ ಗೊತ್ತಿಲ್ಲ. ಅಂದರೆ ನಾನು ಕೇಳಿಸಿಕೊಂಡೇ ಇರಲಿಲ್ಲ. ಬೇರೊಬ್ಬ ರೋಗಿಯ ದನಿಯನ್ನು ಅಪರಿಚಿತರಿಗೆ ಕೇಳಿಸಿದ ತಪ್ಪೂ ಅದೇ ಗಳಿಗೆಯಲ್ಲಿ ನನ್ನಿಂದ ಆಗಿಹೋಯಿತು. ಅದಕ್ಕೆ ನೀವು ಕೊಡುವ ಶಿಕ್ಷೆಗೆ ನಾನು ತಕರಾರು ಮಾಡುವುದಿಲ್ಲ.

ಆದರೆ ನಿಮ್ಮನ್ನು ಕೇಳಲೇಬೇಕಾದದ್ದು ಇದೆ. ನಿಮ್ಮ ನಿಯಮ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕಾಯಿಲೆಯನ್ನು ಮನೆಯವರಿಗೂ ಹೇಳದೆ ಬಂದವರು ನಮ್ಮಲ್ಲಿದ್ದರು, ಅವರ ಗುಟ್ಟು ಕಾಯಬೇಕಾದದ್ದೇ. ಆದರೆ ಆಕೆಯ ಗುಟ್ಟನ್ನು ಆಕೆಯಿಂದಲೇ ಕಾಯುತ್ತಿದ್ದೇವಲ್ಲ, ಇದು ಯಾವ ಸೀಮೆಯ ರಕ್ಷಣೆ? ತನ್ನ ದನಿ ಬೇಕಾದರೆ ಸಂಖ್ಯೆ ಹೇಳಬೇಕು, ಸಂಖ್ಯೆಯ ಪಟ್ಟಿಯನ್ನು ನಾವು ನಾಶಮಾಡಿದ್ದೇವೆ. ಸಂಖ್ಯೆ ಗೊತ್ತಿಲ್ಲದಿದ್ದರೆ ಕೇಳಿ ಗುರುತಿಸಬೇಕು, ಕೇಳುವುದು ನಿಷಿದ್ಧ. ಹಾಗಾದರೆ ಈ ದನಿ ಯಾರದು? ಯಾರೂ ಕೇಳಿಕೊಂಡು ಬಂದಿಲ್ಲ, ಹಾಗಾಗಿ ಅಳಿಸಬಹುದು ಎನ್ನುತ್ತದೆ ಸುತ್ತೋಲೆ. ಕೇಳಿಕೊಂಡು ಬಂದವರು ನನ್ನ ಎದುರಿನ ಕುರ್ಚಿಯಲ್ಲೇ ಕೂತಿದ್ದರು. ಉಳಿದವರ ದನಿ ಕೇಳಿ ಆಕೆ ಯಾವ ಗುಟ್ಟು ತಿಳಿದುಕೊಂಡಾರು? ಬಸ್ಸು ತಡವಾಗಿ ಬಂತು ಎಂಬುದನ್ನೇ?

ನನ್ನ ಬೇಡಿಕೆ ದೊಡ್ಡದಲ್ಲ. ಅಳಿಸುವ ಆಜ್ಞೆಯನ್ನು ಹಿಂತೆಗೆದುಕೊಳ್ಳಿ. ಆಕೆ ನಮ್ಮ ಕೊಠಡಿಯಲ್ಲಿ ಕೂತು, ತನ್ನ ದನಿ ಸಿಗುವವರೆಗೆ ಒಂದೊಂದೇ ಫೋಲ್ಡರು ತೆರೆಸಿ ಕೇಳಲು ಲಿಖಿತ ಅನುಮತಿ ಕೊಡಿ. ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ ಎಂದು ಸಹಿ ಹಾಕಲು ಅವರು ಸಿದ್ಧರಿದ್ದಾರೆ. ಇನ್ನು ಯಾರಾದರೂ ಹೀಗೆಯೇ ತಮ್ಮ ದನಿ ಹುಡುಕಿಕೊಂಡು ಬಂದರೆ ಅವರಿಗೂ ಇದೇ ಅವಕಾಶ ಇರಲಿ.

ಇಷ್ಟೂ ಆಗುವುದಿಲ್ಲ ಎಂದಾದರೆ ಒಂದು ಉಪಕಾರ ಮಾಡಿ. ಮುಂದಿನ ಸೋಮವಾರ ಗಂಡ ಹೆಂಡತಿ ಮತ್ತೆ ಬರುತ್ತಾರೆ, ಬರಲು ನಾನೇ ಹೇಳಿದ್ದೇನೆ. ಅವತ್ತು ನೀವೇ ಬನ್ನಿ. ಆಕೆಯ ಎದುರಿನ ಕುರ್ಚಿಯಲ್ಲಿ ಕೂತು, ನಿಮ್ಮ ದನಿಯನ್ನು ಅಳಿಸಿಹಾಕುತ್ತಿದ್ದೇವೆ ಎಂದು ನಿಮ್ಮ ಬಾಯಿಂದಲೇ ಹೇಳಿ. ನನ್ನಿಂದ ಹೇಳಲಾಗುವುದಿಲ್ಲ. ನೀವು ಅಳುಕಬೇಕಾಗಿಲ್ಲ, ಆಕೆ ತಿರುಗಿ ಒಂದು ಮಾತೂ ಆಡುವುದಿಲ್ಲ.

ಇಂತಿ,
ತಲೆ ಎತ್ತಲಾಗದೆ ಕೂತಿರುವ,
ಧ್ವನಿ ಸಂಶೋಧನಾ ಕೊಠಡಿಯ ಮುಖ್ಯಸ್ಥೆ