ಪಾಸ್ ಅಂದರೇನು

ಸಪ್ತಾಪುರ, ಧಾರವಾಡ
ನವೆಂಬರ್ ೪, ಮಂಗಳವಾರ

ಪ್ರಿಯ ಬೆನ್ನಿ,

ಈ ಚಾಂಪಿಯನ್‌ಶಿಪ್ ಮುಗಿದ ಮೇಲೆ ಪೋಲ್ ವಾಲ್ಟ್ ಬಿಟ್ಟು ಊರಿಗೆ ಬರುತ್ತೇನೆ, ಸಪ್ತಾಪುರದ ನಿನ್ನ ಕೋಣೆಗೆ ಬರಲೋ ಬೇಡವೋ ಎಂದು ಕೇಳಿದ್ದೆಯಲ್ಲ, ಅದಕ್ಕೆ ಇದು ಉತ್ತರ. ಫೋನಿನಲ್ಲಿ ಹೇಳಹೋದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಅತ್ತುಬಿಡುತ್ತೇನೆ. ನೀನು ವಿದೇಶದಿಂದ ತರಬೇತಿ ಶಿಬಿರಕ್ಕೆ ಮರಳುವಷ್ಟರಲ್ಲಿ ಇದು ಅಲ್ಲಿರುತ್ತದೆ.

ರವಿವಾರ ಆರಾಧನೆ ಮುಗಿಸಿ ಗೋಕುಲ ರಸ್ತೆಯ ನಿಮ್ಮ ಮನೆಗೆ ಹೋದೆ. "ನನಗ ಆ ಆಟ ತಿಳಿಯೂದಿಲ್ಲವಾ, ನೀ ನನ್ನ ಬಾಜೂಕ ಇರು" ಎಂದು ಅತ್ತೆ ಕರೆದಿದ್ದರು. ಪಕ್ಕದ ಮನೆಯ ಹಾಜರಾಬಿಯೂ ಬಂದಿದ್ದರು. ಟಿವಿಯಲ್ಲಿ ನಿನ್ನ ಮುಖ ಕಂಡ ಕೂಡಲೇ ಅತ್ತೆ ಪ್ರಾರ್ಥನೆಗೆ ಕೂತಂತೆ ತಲೆಯ ಮೇಲೆ ಸೆರಗು ಎಳೆದುಕೊಂಡರು.

ಐದು ಮೀಟರ್ ಇಪ್ಪತ್ತನ್ನು ನೀನು ಕೋಲೂರಿ ಹಾರಿ ಸಲೀಸಾಗಿ ದಾಟಿದೆ. ಐದು ನಲವತ್ತರಲ್ಲಿ ಎರಡು ಸಲ ಬಾರ್ ಬಿತ್ತು. ಆಮೇಲೆ ಪರದೆಯ ಮೇಲೆ, ನಿನ್ನ ಹೆಸರಿನ ಮುಂದೆ, ಪಾಸ್ ಎಂದು ಬಂತು.

ಅತ್ತೆ ಎದ್ದೇ ನಿಂತರು. "ಪಾಸಾದ! ನಮ್ಮ ಬೆನ್ನಿ ಪಾಸಾದ! ಸ್ತೋತ್ರ ಸ್ವಾಮಿ!" ಜೀವನವೆಲ್ಲ ಮಿಶನ್ ಸಾಲಿಯಲ್ಲಿ ಪಾಸು-ನಪಾಸು ಬರೆದವರು, ಆ ಶಬ್ದಕ್ಕೆ ಬೇರೆ ಅರ್ಥ ಅವರಿಗೆಲ್ಲಿ ಹೊಳೆಯಬೇಕು? ಹಾಜರಾಬಿ ಓಡಿಹೋಗಿ ಸಕ್ಕರೆ ಡಬ್ಬಿ ತಂದು ಎಲ್ಲರ ಬಾಯಿಗೂ ಹಾಕಿದರು. ನನ್ನ ಬಾಯಿಗೂ ಹಾಕಿದರು. ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ, ನುಂಗಿಬಿಟ್ಟೆ.

ಬಾರ್ ಐದು ಐವತ್ತಕ್ಕೆ ಏರಿತು. ಸತತ ಮೂರು ಸಲ ತಪ್ಪಿದರೆ ಹೊರಗೆ, ಎರಡು ಆಗಲೇ ಆಗಿದ್ದವು, ನಿನಗೆ ಉಳಿದದ್ದು ಒಂದೇ ಅವಕಾಶ. ನಿನ್ನ ಎದೆ ತಾಗಿ ಬಾರ್ ಬಿತ್ತು, ಆಟ ಮುಗಿಯಿತು. ಅತ್ತೆಗೆ ಸಿಟ್ಟೇ ಬಂತು. "ಪಾಸಾದಾಂವನ್ನ ಒಂದ ತಪ್ಪಿಗೆ ಹೊರಗ ಹಾಕ್ತಾರೇನು? ಇದೆಂಥಾ ನ್ಯಾಯ?" ಎಂದರು. ಆಗ ವಿವರಿಸಲೇಬೇಕಾಯಿತು. ಪಾಸ್ ಅಂದರೆ ಗೆದ್ದದ್ದಲ್ಲ, ಈ ಎತ್ತರ ನನಗೆ ಬೇಡ, ಬಿಟ್ಟು ಮುಂದಿನದಕ್ಕೆ ಹೋಗುತ್ತೇನೆ ಎನ್ನುವುದು ಅಂತ ಹೇಳಿದೆ.

"ಬಿಟ್ಟ ಮ್ಯಾಲೆ ಹಿಂದಿನ ತಪ್ಪು ಹೋಗ್ತಾವೇನು?" ಎಂದು ಕೇಳಿದರು.

"ಇಲ್ಲರೀ ಅತ್ತಿ, ಸಂಗಡನ ಬರ್ತಾವ" ಎಂದೆ. ಆಟದ ನಿಯಮ ಹೇಳುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ, ಆದರೆ ಹೇಳುತ್ತಲೇ ಟಿವಿಯಿಂದ ಮುಖ ತಿರುಗಿಸಿದ್ದೆ.

ಅತ್ತೆ ಟಿವಿ ಆರಿಸಿದರು. ಹಾಜರಾಬಿ ಡಬ್ಬಿ ಎತ್ತಿಕೊಂಡು ಮೆಲ್ಲಗೆ ಹೊರಟುಹೋದರು. "ಜಾಯ್ಸ್, ಅಂವ ನಿನ್ನೂ ಹಂಗ ಬಿಟ್ಟಾನೇನು?" ಎಂದರು ಅತ್ತೆ.

ಕಾಲೇಜಿಗೆ ಹತ್ತಿರವೆಂದು ಇಲ್ಲಿ ಕೋಣೆ ಮಾಡಿದ್ದೇನೆ ಎಂಬ ಸುಳ್ಳನ್ನು ನಾವಿಬ್ಬರೂ ಸೇರಿಯೇ ಕಟ್ಟಿದ್ದೆವು. ಆ ಹೊತ್ತಿಗೆ ಅದು ನನ್ನ ಬಾಯಿಂದ ಹೊರಡಲಿಲ್ಲ. ಆರು ತಿಂಗಳ ಕೂಸು ಹೊಟ್ಟೆಯಲ್ಲೇ ಹೋದಾಗ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಕುಳಿತವರು ಅವರೇ. ನಿನಗೆ ರಜೆ ಕೊಡಲಿಲ್ಲ ಎಂದು ಅಂದು ನಾನೇ ಅವರಿಗೆ ಹೇಳಿದ್ದೆ. ನೀನು ರಜೆಯನ್ನೇ ಕೇಳಿರಲಿಲ್ಲ ಎಂದು ಈಗ ಹೇಳಿದೆ. ಆಯ್ಕೆಯ ಟ್ರಯಲ್ಸ್ ಮುಗಿಸಿ ಬಂದ ಮೇಲೆ, ನಾನು ಕೂಸಿನ ಮಾತು ತೆಗೆದಾಗೆಲ್ಲ "ಆತಲ್ಲ, ಮುಂದ ನೋಡೋಣು" ಎಂದು ನೀನು ಎದ್ದುಹೋಗುತ್ತಿದ್ದುದನ್ನೂ ಹೇಳಿದೆ. ಅತ್ತೆ ಅಳಲಿಲ್ಲ. ನನಗೆ ಊಟಕ್ಕೆ ಬಡಿಸಿದರು, ತಾವು ಉಣ್ಣಲಿಲ್ಲ.

ನೀನು ಸೋತದ್ದಕ್ಕೆ ನನಗೆ ಖುಷಿಯಾಗಿದೆ ಎಂದುಕೊಳ್ಳಬೇಡ. ಬಾರ್ ಬಿದ್ದಾಗ ಅಯ್ಯೋ ಎಂದು ಕೂಗಿದವಳು ನಾನೇ. ನಿನ್ನ ಮೇಲೆ ಪ್ರೀತಿ ಉಳಿಯದಿದ್ದರೆ ಈ ಕಾಗದ ಎಂದೋ ಬರೆದು ಮುಗಿಸುತ್ತಿದ್ದೆ. ಆದರೂ ನನ್ನ ಉತ್ತರ ಬೇಡ ಎಂದೇ. ನೀನು ಸಪ್ತಾಪುರಕ್ಕೆ ಬರಬೇಡ. ನಮ್ಮ ಕೂಸಿನ ಬಗ್ಗೆ ಒಂದು ಮಾತೂ ಆಡಲಾರದವನ ಜೊತೆ ನಾನು ಮತ್ತೆ ಸಂಸಾರ ಮಾಡಲಾರೆ. ನಿಮ್ಮ ಮನೆಗೆ ಹೋಗು, ತಾಯಿಯ ಹತ್ತಿರ ಇರು. ಭುಜದ ನೋವಿಗೆ ಡಾಕ್ಟರಿಗೆ ತೋರಿಸು, ಅದನ್ನೂ ಮುಂದೆ ಹಾಕಬೇಡ.

ಇಷ್ಟೇ,
ಜಾಯ್ಸ್

ತಾ.ಕ.: ಲಕೋಟೆ ಅಂಟಿಸಬೇಕು ಎನ್ನುವಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅತ್ತೆ, ಕೈಯಲ್ಲಿ ಬಟ್ಟೆಬರೆ ತುಂಬಿದ ಚೀಲ. "ನಾ ಇನ್ನ ಇಲ್ಲೇ ಇರಾಕಿ. ಅಂವ ಬರೂದಿದ್ರ ಇಲ್ಲಿಗೇ ಬರ್ಲಿ, ಇಬ್ಬರ ಮುಂದೂ ಕುಂಡ್ರಲಿ" ಎಂದರು. ಕಾಗದ ಓದಿ ಹೇಳಿದೆ. ಕೂಸಿನ ಮಾತು ಬಂದಲ್ಲಿ ತಡೆದರು. ನೀನೂ ನಾನೂ ಹೆಸರಿಡದ ಆ ಕೂಸಿಗೆ ಅವರು ಆಸ್ಪತ್ರೆಯಲ್ಲೇ ಒಂದು ಹೆಸರಿಟ್ಟಿದ್ದರಂತೆ, ಅಂದಿನಿಂದ ದಿನಾ ಪ್ರಾರ್ಥನೆಯಲ್ಲಿ ಆ ಹೆಸರು ಹೇಳುತ್ತಾರಂತೆ. ನನಗೆ ಈಗ ತಾನೇ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಬೆನ್ನಿ. ಬಂದು ಕೇಳು.