ತಿಳಿದಂತೆ ಯಾವುದೂ ಇಲ್ಲ

ಫೆಬ್ರವರಿ 3, ಸೋಮವಾರ

ಮಗುವಿಗೆ ಮತ್ತೆ ಜ್ವರ. ಬೆಳಗಿನ ಹೊತ್ತಿಗೆ ಇಳಿಯಿತು. ಗಂಜಿ ಎರಡು ಚಮಚ ಹೊಟ್ಟೆಗೆ, ಉಳಿದದ್ದು ದಿಂಬಿಗೆ. ಅಂಗಡಿಗೆ ರಜೆ ಹೇಳಲು ಫೋನ್ ಮಾಡಿದರೆ ಯಜಮಾನಿ "ಮತ್ತೇನಾ, ಪಾರ್ತಿನಿ?" ಅಂದಳು. ಬಾಟಿಕ್ ಬಟ್ಟೆ ಮಡಚಿಡಲು ಜಾವಾದ ಈ ಸೋಲೋ ಊರಿನಲ್ಲಿ ನನ್ನಂಥವರು ಬೇಕಾದಷ್ಟು ಸಿಗುತ್ತಾರೆ. ಅವಳು ಹೇಳದೆಯೂ ಗೊತ್ತು.

ಮಗು ಮಲಗಿದ ಮೇಲೆ ಆ್ಯಪ್ ತುಂಬಲು ಕೂತೆ. ಇವರು ಹಾಕಿಕೊಟ್ಟದ್ದು — ಮೊಬೈಲ್ ರಿಪೇರಿಯವರಲ್ಲವೇ, ದಿನಕ್ಕೊಂದು ಆ್ಯಪ್. ಆದರೆ ಇದು ಕೆಲಸಕ್ಕೆ ಬರುವಂಥದ್ದು. ಕ್ಲಿನಿಕ್ಕಿನಲ್ಲಿ ಮೊಬೈಲ್ ತೋರಿಸಿದರೆ ಸಾಕು, ಮಗುವಿನ ಕಾಯಿಲೆ ಕಸಾಲೆಯೆಲ್ಲ ಅವರ ಕಂಪ್ಯೂಟರಿಗೆ ಹೋಗುತ್ತದಂತೆ.

ಹೆಸರು: ಪ್ರಬಾನಿಂಗ್ರುಮ್. ವಯಸ್ಸು: ಆರು. ಕಾಯಿಲೆ: ದಮ್ಮು, ಜ್ವರ ಏರಿದರೆ ಫಿಟ್ಸ್. ಅಲರ್ಜಿ: ಪೆನ್ಸಿಲಿನ್, ಆ ಜಾತಿಯ ಔಷಧಿಗಳೆಲ್ಲ. ತೀವ್ರತೆ ಎಷ್ಟು ಅಂತ ಕೇಳಿತು. ಸ್ವಲ್ಪ, ಮಧ್ಯಮ, ಪ್ರಾಣಾಪಾಯ. ಹೋದ ವರ್ಷ ಒಂದು ಚಮಚ ಸಿರಪ್ಪಿಗೆ ತುಟಿ ಊದಿ, ಕಣ್ಣು ಮುಚ್ಚಿಹೋಗಿ, ನನ್ನ ತೊಡೆಯ ಮೇಲೆ ನೀಲಿಗಟ್ಟಿದ್ದು... ಪ್ರಾಣಾಪಾಯ ಒತ್ತಿದೆ. "ಇನ್ನೊಂದ್ಸಲ ಆದ್ರೆ ಇಷ್ಟು ಸುಲಭವಾಗಿ ಬಿಡಲ್ಲ, ನೆನಪಿಟ್ಕೊಳ್ಳಿ" ಅಂದಿದ್ದರು ಆಗಿನ ಡಾಕ್ಟರು. ಈಗ ನೆನಪಿಡಲು ಆ್ಯಪ್ ಇದೆ. ಮನಸ್ಸು ಹಗುರಾಯಿತು.

ಫೆಬ್ರವರಿ 9, ಭಾನುವಾರ

ಅತ್ತೆ ಕೇರಿಯ ಶಕುನ ಹೇಳುವ ದಾರ್ಮೊ ಅಜ್ಜನನ್ನು ಕರೆಸಿದರು. ಮಗು ಹುಟ್ಟಿದ ದಿನವನ್ನು ಜಾವಾ ಪಂಚಾಂಗಕ್ಕೆ ಹೊಂದಿಸಿ, ಬೆರಳು ಮಡಚಿ ಬಿಚ್ಚಿ, ಅಜ್ಜ ತಲೆ ಅಲ್ಲಾಡಿಸಿದ.

"ಹೆಸ್ರು ಭಾರ ಆಗಿದೆ ಕಣಮ್ಮ. ಪ್ರಬಾನಿಂಗ್ರುಮ್! ಅರಮನೆ ಹುಡುಗೀರಿಗಿಡೋ ಹೆಸ್ರು. ಈ ಪುಟ್ಟ ಹೆಗಲು ಹೊರುತ್ತಾ ಅದನ್ನ? ಅದಕ್ಕೇ ಮೇಲಿಂದ ಮೇಲೆ ಕಾಯಿಲೆ."

"ನಾನು ಆವತ್ತೇ ಬಡ್ಕೊಂಡೆ," ಅಂದರು ಅತ್ತೆ. "ಮುದುಕಿ ಮಾತು ಯಾರಿಗೆ ಬೇಕು?"

ಬಡಿದುಕೊಂಡಿರಲಿಲ್ಲ. ನನ್ನ ಮೊಮ್ಮಗಳ ಹೆಸರು ಕೇಳಿದಿರಾ ಅಂತ ಕೇರಿಯೆಲ್ಲ ಹೇಳಿಕೊಂಡು ಬಂದಿದ್ದರು.

ನನ್ನ ತಮ್ಮನಿಗೂ ಚಿಕ್ಕಂದಿನಲ್ಲಿ ಹೀಗೇ ಹೆಸರು ಬದಲಿಸಿದ್ದರು. ಈಗ ಲಾರಿ ಓಡಿಸುತ್ತಾನೆ, ಗೂಳಿ ಹಾಗಿದ್ದಾನೆ. ಅದಕ್ಕೇ ನಾನೂ ಬೇಡ ಅನ್ನಲಿಲ್ಲ. ಹೊಸ ಹೆಸರು ರಹಾಯು. ಕ್ಷೇಮ ಅಂತ ಅರ್ಥ. ಮನೆಯಲ್ಲಿ ಕರೆಯುವುದು ಯಾಯುಕ್. ಇರಲಿ, ಚೆನ್ನಾಗಿದೆ.

ಫೆಬ್ರವರಿ 16, ಭಾನುವಾರ

ಹೆಸರು ಬದಲಿಸುವ ಶಾಸ್ತ್ರಕ್ಕೆ ಕೆಂಪು ಗಂಜಿ, ಬಿಳಿ ಗಂಜಿ ಮಾಡಿ ಕೇರಿಗೆಲ್ಲ ಹಂಚಿದೆವು. ಬೆಲ್ಲ ಜಾಸ್ತಿಯಾಯಿತು ಅಂತ ಪಕ್ಕದ ಮನೆಯ ಮುರ್ಯಾತಿ ಮೂಗು ಮುರಿದಳು, ಬಟ್ಟಲು ಮಾತ್ರ ನೆಕ್ಕಿಟ್ಟಳು. ಅತ್ತೆ ಬಾಗಿಲಲ್ಲೇ ನಿಂತು ಒಬ್ಬೊಬ್ಬರಿಗೂ ತಾಕೀತು ಮಾಡಿದರು: "ಇನ್ಮೇಲೆ ಯಾಯುಕ್. ಹಳೇ ಹೆಸ್ರು ಬಾಯಿಗೆ ಬಂದ್ರೆ ನುಂಗ್ಕೊಳ್ಳಿ. ಕರೆದ್ರೆ ಹಳೇ ಕಾಯಿಲೆನೂ ಓ ಅಂತ ಬರುತ್ತೆ."

ಮಗು ಹೊಸ ಫ್ರಾಕು ಹಾಕಿಕೊಂಡು ಎಲ್ಲರ ಎದುರೂ ಹೋಗಿ "ನಾನು ಯಾಯುಕ್" ಅಂದಳು. ಎಷ್ಟೋ ದಿನದ ಮೇಲೆ ನಕ್ಕಳು.

ಫೆಬ್ರವರಿ 17, ಸೋಮವಾರ

ಇವರು ಆ್ಯಪಿನಲ್ಲಿ ಹೆಸರು ತಿದ್ದಲಿಲ್ಲ. ಹಳೆಯ ಪ್ರೊಫೈಲನ್ನೇ ಅಳಿಸಿ ಹೊಸದು ಮಾಡಿದರು. ರಹಾಯು. ದಮ್ಮು, ಪೆನ್ಸಿಲಿನ್ ಅಂತ ಹೇಳಲು ನಾನು ಬಾಯಿ ತೆರೆದೆ. ಅತ್ತೆ ಕೈ ಹಿಡಿದುಕೊಂಡರು.

"ಅದನ್ನ ಬರೀಬೇಡ್ವೇ! ಅವೆಲ್ಲ ಹಳೇ ಹೆಸ್ರಿನ ಕಾಯಿಲೆ. ಗಂಜಿ ಹಂಚಿ ಕಳ್ಸಿದ್ದೀವಿ. ನೀನೇ ಮಣೆ ಹಾಕಿ ವಾಪಸ್ ಕರೀತೀಯಾ?"

"ಹೆಸ್ರು ಬದಲಾಯ್ತು ಅಂತ ಮೈಗೆ ಗೊತ್ತಾಗುತ್ತಾ ಅತ್ತೆ?"

"ಕೇಳ್ದೇನೋ ನಿನ್ನ ಹೆಂಡ್ತಿ ಮಾತು? ಮಗು ವಾಸಿಯಾಗೋದೇ ಇವಳಿಗೆ ಬೇಕಾಗಿಲ್ಲ."

ಇವರು ಮೊಬೈಲಿನಿಂದ ತಲೆ ಎತ್ತಲಿಲ್ಲ. "ನಮಗೆ ಗೊತ್ತಲ್ವೇನೇ? ಡಾಕ್ಟ್ರಿಗೆ ಬಾಯಲ್ಲೇ ಹೇಳಿದ್ರಾಯ್ತು. ಅಮ್ಮನ್ನ ಯಾಕೆ ಅಳಿಸ್ತೀಯ?"

ಅತ್ತೆ ಅಳಲು ಶುರು ಮಾಡಿದ್ದೇ ಆಗ. ಅಲ್ಲಿಯ ತನಕ ಅಳುತ್ತಿರಲಿಲ್ಲ.

ಅಲರ್ಜಿಯ ಪುಟ ಖಾಲಿ ಬಿಟ್ಟರೆ ಆ್ಯಪ್ ಮುಂದೆ ಹೋಗುವುದಿಲ್ಲ. ಏನಾದರೂ ಬರಿ, ಇಲ್ಲವೇ 'ತಿಳಿದಂತೆ ಯಾವುದೂ ಇಲ್ಲ' ಒತ್ತು. ಮೊಬೈಲ್ ನನ್ನ ಕೈಗೆ ಬಂತು. ಹೆತ್ತವಳೇ ಒತ್ತಿದರೆ ಶುಭವಂತೆ, ಅತ್ತೆ ಅಂದರು. ಎಲ್ಲ ನನ್ನನ್ನೇ ನೋಡುತ್ತಿದ್ದರು. ಮಗು ಕೂಡ.

ಒತ್ತಿದೆ. ಹಸಿರು ಗುರುತು ಬಂತು. ಅತ್ತೆ ಕಣ್ಣೊರೆಸಿಕೊಂಡು ಬಾಳೆಹಣ್ಣು ಕರಿಯಲು ಎದ್ದರು. ನಾಳೆ ಅಂಗಡಿಯಲ್ಲಿ, ಯಾರಿಗೂ ಕಾಣದ ಹಾಗೆ ಸರಿಮಾಡುತ್ತೇನೆ.

ಫೆಬ್ರವರಿ 20, ಗುರುವಾರ

ಇನ್ನೂ ಸರಿಮಾಡಿಲ್ಲ. ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ.

ಸ್ನಾನ ಮಾಡಿಸುವಾಗ ಕೇಳಿದಳು, "ಅಮ್ಮಾ, ನಿಂಗ್ರುಮ್‌ಗೆ ಈಗ ಯಾರು ಔಷಧಿ ಕೊಡ್ತಾರೆ?"

"ಯಾವ ನಿಂಗ್ರುಮ್?"

"ಅದೇ, ಕಾಯಿಲೆ ಹುಡುಗಿ. ಅಜ್ಜಿ ಹೊರಗೆ ಕಳಿಸ್ಬಿಟ್ರಲ್ಲ. ಅವಳಿಗೆ ಫಿಟ್ಸ್ ಬಂದ್ರೆ ಯಾರು ಹಿಡ್ಕೋತಾರೆ?"

ತಲೆಯ ಮೇಲೆ ನೀರು ಹೊಯ್ದೆ.

ಏಪ್ರಿಲ್ 12, ಶನಿವಾರ

ರಂಜಾನ್ ಉಪವಾಸ ಮುಗಿಯಿತು, ಹಬ್ಬವೂ ಮುಗಿಯಿತು. ಒಂದು ದಿನವೂ ಜ್ವರವಿಲ್ಲ. ಕೆನ್ನೆ ತುಂಬಿದೆ. ಶಾಲೆಗೆ ಓಡಿಕೊಂಡು ಹೋಗುತ್ತಾಳೆ. ಯಜಮಾನಿಯ ಬಾಯಲ್ಲೂ 'ಮತ್ತೇನಾ' ಇಲ್ಲ. ಅತ್ತೆಯ ಮುಖ ನೋಡಬೇಕು, ಲಾಟರಿ ಹೊಡೆದವರ ಹಾಗೆ.

ಆ್ಯಪಿನಿಂದ ಬಂತು: ಅಭಿನಂದನೆ, ರಹಾಯು ಅವರ ಪ್ರೊಫೈಲ್ ಪೂರ್ಣವಾಗಿದೆ! ಅಂಗಡಿಯ ಹಿಂದೆ ನಿಂತು ಅಲರ್ಜಿಯ ಪುಟ ತೆರೆದೆ. 'ಪೆನ್' ತನಕ ಬರೆದೆ. ಬೆರಳು ನಿಂತಿತು. ಬರೆದ ಕೂಡಲೇ ಸಂಜೆ ಜ್ವರ ಬಂದರೆ?... ಅತ್ತೆಯನ್ನು ಬೈಯುತ್ತ ಬೈಯುತ್ತ ನಾನೇ ಅತ್ತೆ ಆಗುತ್ತಿದ್ದೇನೆ. ಅಳಿಸಿದೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿದೆಯಲ್ಲ.

ಮೇ 22, ಗುರುವಾರ

ಊಟಕ್ಕೆ ಕೂತಾಗ ಕೇಳಿದೆ. "ರೀ, ಅದನ್ನ ಸರಿಮಾಡೋಣ್ವಾ?"

"ಏನನ್ನ?"

"ಅಲರ್ಜಿ."

"ಮತ್ತೆ ಶುರು ಮಾಡ್ಬೇಡ ಮಾರಾಯ್ತಿ. ಚೆನ್ನಾಗಿ ನಡೀತಿರೋ ಫೋನ್ ಬಿಚ್ಚಿ ನೋಡ್ಬಾರ್ದು ಅಂತ ನಾನು ಗಿರಾಕಿಗಳಿಗೇ ಹೇಳ್ತೀನಿ."

ತಮ್ಮ ಮಾತಿಗೆ ತಾವೇ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆನೋ.

ಜೂನ್ 24, ಮಂಗಳವಾರ. ಸಂಜೆ 4 — ದೊಡ್ಡಾಸ್ಪತ್ರೆ

ಈ ದಿನಚರಿ ಪುಸ್ತಕ ನನ್ನ ಚೀಲದಲ್ಲಿತ್ತು. ಬರೆಯದಿದ್ದರೆ ಕಿರುಚಿಬಿಡುತ್ತೇನೆ.

ಬೆಳಿಗ್ಗೆ ಗಂಟಲು ನೋವು ಅಂದಳು. ಮೈ ಬೆಚ್ಚಗಿತ್ತು. ನಾನು ಕೆಲಸಕ್ಕೆ ಹೋದೆ. ಅತ್ತೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅವರ ಮೊಬೈಲಿಗೂ ಆ್ಯಪ್ ಹಾಕಿಕೊಟ್ಟಿದ್ದಾರೆ, ಮಗನಲ್ಲವೇ. ನರ್ಸ್ ನೋಡಿದಳು: ತಿಳಿದಂತೆ ಯಾವುದೂ ಇಲ್ಲ. ಆದರೂ ಬಾಯಿಬಿಟ್ಟು ಕೇಳಿದಳು, ಪುಣ್ಯಾತ್ಗಿತ್ತಿ — "ಯಾವ್ದಾದ್ರೂ ಔಷಧಿ ಆಗಲ್ವಾ ಅಜ್ಜಿ, ಮಗೂಗೆ?"

"ಇಲ್ಲಮ್ಮ. ನಮ್ಮ ಯಾಯುಕ್‌ಗೆ ಯಾವತ್ತೂ ಏನೂ ಆಗಿಲ್ಲ."

ನಗುತ್ತಲೇ ಹೇಳಿದರಂತೆ. ನರ್ಸೇ ನನ್ನ ಕೈ ಹಿಡಿದುಕೊಂಡು ಹೇಳಿದಳು, ಅವಳೂ ಅಳುತ್ತಿದ್ದಳು. ಸೂಜಿ ಕೊಟ್ಟರು. ಪೆನ್ಸಿಲಿನ್ ಜಾತಿಯದೇ. ಬಾಗಿಲು ದಾಟುವ ಮೊದಲೇ ಮಗು ಬಿತ್ತು. ಇಲ್ಲಿಗೆ ತರುವಾಗ ದಾರಿಯಲ್ಲಿ ಉಸಿರು ನಿಂತಿತ್ತಂತೆ, ಮತ್ತೆ ಬರಿಸಿದರಂತೆ.

ನಾನು ಬರುವಾಗ ಬಾಯಲ್ಲಿ ಕೊಳವೆ. "ಇದಕ್ಕೆ ಮುಂಚೆ ಹೀಗಾಗಿತ್ತಾ?" ಅಂದಳು ಡಾಕ್ಟರು. ಆಗಿತ್ತು ಅಂದೆ. "ಮತ್ತೆ ಆ್ಯಪಲ್ಲಿ ಇಲ್ಲ ಅಂತಿದೆ? ಯಾರು ತುಂಬಿದ್ದು?"

ಇವನು ನೆಲ ನೋಡಿದ. ಹೌದು, ಇವನು. ಇನ್ನು ಈ ಪುಸ್ತಕದಲ್ಲಿ ಅವನಿಗೆ ಬಹುವಚನವಿಲ್ಲ.

"ನಾನೇ," ಅಂದೆ. ಡಾಕ್ಟರು ಅದನ್ನೂ ಬರೆದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಜೂನ್ 25, ಬುಧವಾರ

ಕಣ್ಣು ತೆರೆದಿಲ್ಲ. ಒಳಗೆ ಒಬ್ಬರನ್ನೇ ಬಿಡುತ್ತಾರೆ. ಕಿವಿಯ ಹತ್ತಿರ ಬಗ್ಗಿ ಯಾಯುಕ್, ಯಾಯುಕ್ ಅಂದೆ. ಏನೂ ಇಲ್ಲ. ನಿಂಗ್ರುಮ್ ಅಂದೆ. ರೆಪ್ಪೆ ಅಲುಗಿತು. ಅಲುಗಿತೋ, ನನಗೆ ಹಾಗನ್ನಿಸಿತೋ.

ಅತ್ತೆ ಗಾಜಿನಾಚೆಯಿಂದ ನನ್ನ ತುಟಿಯನ್ನೇ ನೋಡುತ್ತಿದ್ದಳು. ಗಾಜು ಬಡಿದಳು. ಹೊರಗೆ ಬಂದೆ.

"ಆ ಹೆಸ್ರು ಯಾಕೇ ತೆಗ್ದೆ, ಪಾಪಿ? ಮಗೂನ ಕೊಲ್ತೀಯಾ?"

"ಬಾಯಿ ಮುಚ್ಚು," ಅಂದೆ. ಹಿರಿಯರ ಮುಂದೆ ಆಡುವ ಮಾತಿನಲ್ಲಲ್ಲ, ಬೀದಿಯ ಮಾತಿನಲ್ಲಿ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ನಮ್ಮಲ್ಲಿ ಸೊಸೆಯಾದವಳು ಹಾಗೆ ಮಾತಾಡುವುದಿಲ್ಲ. ಮಾತಾಡಿದೆ. ಏನೂ ಹಗುರಾಗಲಿಲ್ಲ.

ಜೂನ್ 28, ಶನಿವಾರ

ಕೊಳವೆ ತೆಗೆದರು. ನೀರು ಕೇಳಿದಳು. ಬಟ್ಟೆ ಅದ್ದಿ ತುಟಿಗೆ ಹಚ್ಚಿದೆ, ಬಟ್ಟೆಯನ್ನೇ ಕಚ್ಚಿ ಹಿಡಿದುಕೊಂಡಳು. ಅಯ್ಯೋ, ನನ್ನ ಕಂದ. ಅತ್ತುಬಿಟ್ಟೆ.

ಬಲಗೈ ಎತ್ತುತ್ತಿಲ್ಲ. ಉಸಿರು ನಿಂತಾಗ ಮಿದುಳಿಗೆ ಪೆಟ್ಟಾಗಿರಬಹುದು, ಕಾದು ನೋಡೋಣ ಅಂತಾರೆ ಡಾಕ್ಟರು. ಕಾದು ಏನು ನೋಡುವುದು?

ಹೊರಗೆ ಕೇರಿಯವರು ಬಂದಿದ್ದರು. ಅತ್ತೆ ಹೇಳುತ್ತಿದ್ದಳು, "ಹೊಸ ಹೆಸ್ರೇ ಕಾಪಾಡ್ತು ನೋಡಿ. ಹಳೇ ಹೆಸ್ರಲ್ಲೇ ಇದ್ದಿದ್ರೆ ಆವತ್ತೇ ಹೋಗ್ಬಿಡ್ತಿತ್ತು." ಮುರ್ಯಾತಿ ಹೌದು ಅಂದಳು. ದಾರ್ಮೊ ಅಜ್ಜ ಹೌದು ಅಂದ. ನನ್ನ ಗಂಡನೂ ತಲೆ ಆಡಿಸಿದ. ಅವಳು ತಂದ ಊಟವನ್ನು ನಾನು ಮುಟ್ಟಲಿಲ್ಲ.

ಜುಲೈ 1, ಮಂಗಳವಾರ

ನಾಳೆ ಮನೆಗೆ ಕಳಿಸುತ್ತಾರಂತೆ. ಕೈ ಹಾಗೇ ಇದೆ. ಎಡಗೈಯಲ್ಲಿ ಬಿಸ್ಕತ್ತು ಹಿಡಿದು ತಿಂದಳು, ಆ ಕೈಯಲ್ಲಿ ತಿನ್ನಲು ಅಜ್ಜಿ ಬಿಡುವುದಿಲ್ಲವಲ್ಲ ಅಂತ ಹೆದರಿ ನನ್ನ ಮುಖ ನೋಡಿದಳು.

"ಮೊಬೈಲ್ ಕೊಡು, ನಾನು ತುಂಬ್ತೀನಿ," ಅಂದ ಅವನು.

"ನೀನು ಮುಟ್ಬೇಡ."

"ನನ್ನ ಮೇಲೆ ಯಾಕೆ ರೇಗ್ತೀಯ? ಒತ್ತಿದ್ದು ಯಾರು?"

ಇದನ್ನು ಅವನು ಎಂದಾದರೂ ಅಂದೇ ಅನ್ನುತ್ತಾನೆ ಅಂತ ಗೊತ್ತಿತ್ತು. ಮೊಬೈಲನ್ನು ಮಡಿಲಿಗೆ ಎಳೆದುಕೊಂಡೆ.

ಅವನು ಟೀ ಕುಡಿಯಲು ಹೋದ ಮೇಲೆ ಕೂತು ತುಂಬಿದೆ. ಹೆಸರು: ಪ್ರಬಾನಿಂಗ್ರುಮ್ ರಹಾಯು. ಎರಡೂ ಇರಲಿ. ದಮ್ಮು. ಫಿಟ್ಸ್. ಬಲಗೈ. ಪೆನ್ಸಿಲಿನ್, ಪ್ರಾಣಾಪಾಯ. ಕೊನೆಯಲ್ಲಿ ಒಂದು ಜಾಗ — ತುರ್ತು ಸಮಯದಲ್ಲಿ ವೈದ್ಯರಿಗೆ ತಿಳಿದಿರಬೇಕಾದ ಇತರ ವಿಷಯ. ಮೊದಲು ಇಲ್ಲಿ ಬರೆದು ನೋಡಿ, ಆಮೇಲೆ ಅಲ್ಲಿಗೆ ಹಾಕುತ್ತೇನೆ.

ಅಜ್ಜಿ ಅಲರ್ಜಿ ಇಲ್ಲ ಅಂದರೆ ನಂಬಬೇಡಿ. ತಂದೆ ಇಲ್ಲ ಅಂದರೆ ನಂಬಬೇಡಿ. ತಾಯಿ ಇಲ್ಲ ಅಂದರೂ...