ಅನುಮೋದಕರು ಯಾರು?

ಗೌರಿಬಿದನೂರು
ಭಾನುವಾರ, ಆಗಸ್ಟ್ ೧೯೬೬

ಇತಿಹಾಸ ವಿಭಾಗದ ಮುಖ್ಯಸ್ಥರಾದ ಶ್ರೀ ಚನ್ನಕೇಶವ ಅವರಿಗೆ,

ಇಷ್ಟು ವರ್ಷ ‘ಪ್ರೀತಿಯ ಕೇಶವ’ ಎಂದು ಬರೆಯುತ್ತಿದ್ದವನು ಇಂದು ಹೀಗೆ ಶುರುಮಾಡಿದ್ದೇನೆ. ನೋಟೀಸ್ ಬೋರ್ಡಿನಲ್ಲಿ ನಿಮ್ಮ ನೇಮಕದ ಆದೇಶ ನೋಡಿದೆ. ಅಭಿನಂದನೆಗಳು.

ವಿಭಾಗದ ಮುಖ್ಯಸ್ಥರನ್ನು ಕುಲಪತಿಗಳು ನೇಮಿಸಬಾರದು, ಅಧ್ಯಾಪಕರೇ ಆರಿಸಬೇಕು ಎಂಬ ಗೊತ್ತುವಳಿಯನ್ನು ನಾವಿಬ್ಬರೂ ರೈಲಿನಲ್ಲಿ ಕೂತು ಬರೆದೆವು. “ನೀನು ಮಂಡಿಸು, ನಾನು ಅನುಮೋದಿಸ್ತೀನಿ ಕಣೋ” ಎಂದವರು ನೀವೇ. ಅಧ್ಯಾಪಕರ ಸಭೆಯಲ್ಲಿ ನಾನು ಮಂಡಿಸಿ ಕೂತೆ. “ಅನುಮೋದಕರು ಯಾರು?” ಎಂದು ಅಧ್ಯಕ್ಷರು ಕೇಳಿದರು. ಸ್ವಲ್ಪ ತಡೆದು ಮತ್ತೆ ಕೇಳಿದರು. ನೀವು ಕನ್ನಡಕ ಒರೆಸುತ್ತಲೇ ಇದ್ದಿರಿ. ಅನುಮೋದಕರಿಲ್ಲದ ಗೊತ್ತುವಳಿಯನ್ನು ಮತಕ್ಕೆ ಹಾಕುವುದಿಲ್ಲ, ನಡಾವಳಿಯಲ್ಲೂ ಬರೆಯುವುದಿಲ್ಲವಂತೆ. ಮತದಲ್ಲಿ ಸೋತಿದ್ದರೆ ಸೋತೆವೆಂದಾದರೂ ದಾಖಲಾಗುತ್ತಿತ್ತು. ವಾಪಸು ಬರುವಾಗ “ಮನಸ್ಸಿನಲ್ಲಿ ನಾನು ನಿನ್ ಕಡೇನೇ” ಎಂದಿರಿ. ಆಗ ನಂಬಿದ್ದೆ.

ಅಮ್ಮನಿಗೆ ಇದೊಂದೂ ತಿಳಿಯದು. “ಕೇಶವಂಗೆ ಪ್ರಮೋಷನ್ ಆಯ್ತಂತಲ್ಲಾ, ಒಬ್ಬಟ್ಟು ಮಾಡ್ತೀನಿ, ರೈಲಲ್ಲಿ ಕೊಡಪ್ಪಾ” ಎನ್ನುತ್ತಿದ್ದಾರೆ. ಏನೋ ನೆವ ಹೇಳಿ ತಡೆದಿದ್ದೇನೆ.

ಒಂದು ವಿನಂತಿ ಇದೆ. ವಾರಕ್ಕೊಮ್ಮೆ ಊರಿಂದ ಹಿಂದಿರುಗುವ ದಿನ, ಸೋಮವಾರದ ನನ್ನ ಬೆಳಗಿನ ಪಾಠವನ್ನು ದಯವಿಟ್ಟು ಮಧ್ಯಾಹ್ನಕ್ಕೆ ಹಾಕಿಕೊಡಿ. ಇನ್ನು ಮುಂದೆ ನಾನು ಆಮೇಲಿನ ರೈಲಿಗೆ ಬರುತ್ತೇನೆ. ತೊಂಡೇಬಾವಿಯಲ್ಲಿ ನೀವು ಹತ್ತುವ ತನಕ ಪಕ್ಕದ ಸೀಟಿಗೆ ಟವೆಲ್ ಹಾಸಿ, ಬಂದವರಿಗೆಲ್ಲ “ನಮ್ಮೋರು ಬರ್ತಾರೆ” ಎಂದು ಹೇಳುವುದು ನನ್ನಿಂದಾಗದು.

ಇದನ್ನಾದರೂ ಅನುಮೋದಿಸಿ.

ಇತಿ ತಮ್ಮ ವಿಭಾಗದ ಅಧ್ಯಾಪಕ,
ಅಶ್ವತ್ಥನಾರಾಯಣ